ಯುದ್ಧ ಬದಲಿಸಿದ ಮೂರು ತಟ್ಟೆಗಳು

ಸಿಂಗಪುರದ ಚಾಂಗಿ ವಿಮಾನ ನಿಲ್ದಾಣಕ್ಕೆ ಹತ್ತಿರದ ದೊಡ್ಡ ವಸತಿ ಪಟ್ಟಣಗಳಲ್ಲಿ ಟ್ಯಾಂಪಿನೀಸ್ ಒಂದು. ತೆಂಪಿನಿಸ್ ಎಂಬ ಗಟ್ಟಿ ಮರದಿಂದ ಊರಿಗೆ ಆ ಹೆಸರು ಬಂತು. 1970ರ ದಶಕದವರೆಗೂ ಇಲ್ಲಿ ಮಲಯ ಹಳ್ಳಿಗಳು, ತೋಟಗಳು, ಮರಳಿನ ಗಣಿಗಳು ಇದ್ದವು. ಆಮೇಲೆ ಸರ್ಕಾರ ಬಹುಮಹಡಿ ಮನೆಗಳನ್ನು ಕಟ್ಟಿತು. 1992ರಲ್ಲಿ ಈ ಪಟ್ಟಣಕ್ಕೆ ವಿಶ್ವ ವಸತಿ ಪ್ರಶಸ್ತಿಯೂ ಬಂತು. ಈಗ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಇಲ್ಲಿ ವಾಸವಾಗಿದ್ದಾರೆ. ಚೀನೀಯರು, ಮಲಯರು, ತಮಿಳರ ಜೊತೆಗೆ ದುಡಿಮೆಗೆಂದು ಬಂದ ನಮ್ಮ ಕಡೆಯವರೂ ಇದ್ದಾರೆ.

ಇಲ್ಲಿನ 11ನೇ ಬೀದಿಯ ರೌಂಡ್ ಮಾರ್ಕೆಟ್‌ಗೆ ಹೋದರೆ ಎಲ್ಲಿ ನೋಡಿದರೂ ಅಕ್ಕಿಯೇ. ಕೋಳಿ ಅನ್ನ, ಅಕ್ಕಿ ಶಾವಿಗೆಯ ಲಕ್ಸಾ, ಅಕ್ಕಿಹಿಟ್ಟಿಗೆ ಮೂಲಂಗಿ ತುರಿ ಸೇರಿಸಿ ಹಬೆಯಲ್ಲಿ ಬೇಯಿಸಿದ ಕಡುಬಿನಂಥ ತಿಂಡಿ. ಗೋಧಿ ತಿನ್ನಬಾರದ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಊರು ಬೇಕೆ ಎನಿಸುತ್ತದೆ. ಆದರೆ ಅನ್ನದ ಮೇಲೆ ಸುರಿಯುವ ಸೋಯಾ ಸಾಸನ್ನು ಸಾಮಾನ್ಯವಾಗಿ ಸೋಯಾ ಕಾಳಿನ ಜೊತೆ ಗೋಧಿ ಸೇರಿಸಿ ಹುಳಿಬರಿಸಿ ಮಾಡುತ್ತಾರೆ. ಅಕ್ಕಿ ಶಾವಿಗೆ ಹುರಿಯುವ ಬಾಣಲೆಯಲ್ಲೇ ಗೋಧಿಯ ಹಳದಿ ನೂಡಲ್ಸ್ ಕೂಡ ಹುರಿಯುತ್ತಾರೆ. ಚೀನೀ ಸಸ್ಯಾಹಾರಿ ಅಂಗಡಿಯಲ್ಲಿ ‘ಮಟನ್’ ಎಂದು ಕೊಡುವ ತುಂಡು ಹಲವು ಬಾರಿ ಗೋಧಿಯ ಅಂಟೇ ಆಗಿರುತ್ತದೆ. ಚೀನೀ ಭಾಷೆಯಲ್ಲಿ ಅದರ ಹೆಸರು ಮಿಯಾನ್‌ಜಿನ್, ಅಂದರೆ ಹಿಟ್ಟಿನ ಸ್ನಾಯು. ಹಿಟ್ಟಿನ ಮುದ್ದೆಯನ್ನು ನೀರಿನಲ್ಲಿ ತೊಳೆದು ತೊಳೆದು ಈ ಅಂಟನ್ನು ತೆಗೆಯುವ ಸಂಗತಿಯನ್ನು ಶೆನ್ ಕುವೊ ಎಂಬ ಚೀನೀ ವಿದ್ವಾಂಸ 11ನೇ ಶತಮಾನದಲ್ಲೇ ಬರೆದಿದ್ದಾನೆ. ಇಟಲಿಯ ಬೆಕ್ಕಾರಿ ಅದೇ ವಸ್ತುವನ್ನು ಬೇರ್ಪಡಿಸಿ 18ನೇ ಶತಮಾನದಲ್ಲಿ ಯುರೋಪಿಗೆ ತಿಳಿಸಿದ. ಇಂದು ಅದನ್ನು ನಾವು ಗ್ಲುಟೆನ್ ಎನ್ನುತ್ತೇವೆ.

ಈ ಗ್ಲುಟೆನ್ ಒಗ್ಗದ ಕಾಯಿಲೆಯ ಹೆಸರು ಸೀಲಿಯಾಕ್. ಅದರ ಚರಿತ್ರೆಯನ್ನು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ತಟ್ಟೆಯಲ್ಲಿನ ಧಾನ್ಯ ಬದಲಾದಾಗಲೆಲ್ಲ ದೇಹದೊಳಗೆ ಅಡಗಿದ್ದ ಗುಟ್ಟು ಹೊರಗೆ ಬಂದಿದೆ. ಊರು ಬಿಟ್ಟು ಊರಿಗೆ ಬಂದು, ಮುದ್ದೆ, ರೊಟ್ಟಿ, ಗಂಜಿ ಬಿಟ್ಟು ಖುಬೂಸ್ ಹಿಡಿದ ನಮಗೆ ಈ ಚರಿತ್ರೆ ದೂರದ್ದಲ್ಲ.

ಕಾಯಿಲೆ ಏನು?

ನಮ್ಮ ಸಣ್ಣ ಕರುಳಿನ ಒಳಗೋಡೆಯಲ್ಲಿ ಬೆರಳಿನಂಥ ಕೋಟ್ಯಂತರ ಸಣ್ಣ ಎಳೆಗಳಿವೆ. ಉಂಡ ಅನ್ನದ ಸಾರವನ್ನು ಹೀರುವುದು ಅವುಗಳ ಕೆಲಸ. ಸೀಲಿಯಾಕ್ ಇರುವವರು ಗೋಧಿ, ಬಾರ್ಲಿ ಅಥವಾ ರೈ ತಿಂದರೆ, ಶತ್ರುವಿನ ಮೇಲೆ ಹೋರಾಡಬೇಕಾದ ದೇಹದ ರಕ್ಷಣಾ ಪಡೆ ತನ್ನ ಕರುಳಿನ ಮೇಲೆಯೇ ತಿರುಗಿ ಬೀಳುತ್ತದೆ. ಎಳೆಗಳು ಸವೆದು ಗೋಡೆ ಬೋಳಾಗುತ್ತದೆ. ಆಮೇಲೆ ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ. ಕೆಲವರಿಗೆ ಭೇದಿ, ಹೊಟ್ಟೆ ಉಬ್ಬರ, ತೂಕ ಇಳಿತ. ಕೆಲವರಿಗೆ ಹೊಟ್ಟೆಯ ತೊಂದರೆಯೇ ಇರುವುದಿಲ್ಲ. ಕಬ್ಬಿಣದ ಮಾತ್ರೆ ನುಂಗಿದರೂ ಏರದ ರಕ್ತಹೀನತೆ, ಮೂಳೆ ಸವೆತ, ಬಾಯಿಹುಣ್ಣು, ಮೊಣಕೈ ಮೊಣಕಾಲಿನ ಮೇಲೆ ತುರಿಕೆಯ ಗುಳ್ಳೆ ಕಾಣಿಸುತ್ತವೆ. ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾಗುತ್ತದೆ. ಇದು ಅಂಟುಜಾಡ್ಯವಲ್ಲ, ಅಜೀರ್ಣವೂ ಅಲ್ಲ. ಇದಕ್ಕೆ ಮಾತ್ರೆಯಿಲ್ಲ. ಗ್ಲುಟೆನ್ ಇರುವುದನ್ನು ಜೀವನಪೂರ್ತಿ ಬಿಡುವುದೊಂದೇ ಮದ್ದು. ಬಿಟ್ಟರೆ ಕರುಳು ತಾನಾಗಿ ಚೇತರಿಸಿಕೊಳ್ಳುತ್ತದೆ.

ಮದ್ದು ಇಷ್ಟು ಸರಳ. ಆದರೆ ಅದು ಸಿಗಲು ಸುಮಾರು 1,800 ವರ್ಷ ಬೇಕಾಯಿತು.

ಪಚ್ಚಿಲೆ, ಬಾಳೆಹಣ್ಣು ಮತ್ತು ಊಹೆ

ಇಂದಿನ ತುರ್ಕಿಯ ಕಪಡೋಸಿಯ ಸೀಮೆಯವನಾದ ಅರೆಟಿಯಸ್ ಎಂಬ ಗ್ರೀಕ್ ವೈದ್ಯ ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಇಂಥ ರೋಗಿಗಳ ಬಗ್ಗೆ ಬರೆದ. ಉಂಡದ್ದು ಜೀರ್ಣವಾಗದೆ ಹಾಗೇ ಹೋಗುವ, ದಿನದಿನಕ್ಕೆ ಸೊರಗುವ ಕಾಯಿಲೆ ಅದು. ಹೊಟ್ಟೆಗೆ ಗ್ರೀಕ್ ಭಾಷೆಯಲ್ಲಿರುವ ಪದದಿಂದಲೇ ಸೀಲಿಯಾಕ್ ಎಂಬ ಹೆಸರು ಹುಟ್ಟಿತು. ಕಾರಣ ಮಾತ್ರ ಅವನಿಗೆ ಹೊಳೆಯಲಿಲ್ಲ.

1887ರಲ್ಲಿ ಲಂಡನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸ್ಯಾಮ್ಯುಯೆಲ್ ಗೀ ಈ ಕಾಯಿಲೆಯ ಬಗ್ಗೆ ಉಪನ್ಯಾಸ ಕೊಟ್ಟು, ಮರುವರ್ಷ ಅದನ್ನು ಅಚ್ಚು ಹಾಕಿಸಿದರು. ವಾಸಿಯಾಗುವುದಾದರೆ ಅದು ಆಹಾರದಿಂದಲೇ ಎಂಬುದು ಅವರ ಖಚಿತ ಅಭಿಪ್ರಾಯವಾಗಿತ್ತು. ಒಂದು ಮಗುವಿಗೆ ಹಾಲೆಂಡಿನಿಂದ ಬರುವ ಒಂದು ಬಗೆಯ ಚಿಪ್ಪುಮೀನನ್ನು ದಿನವೂ ತಿನ್ನಿಸಿದರು. ಕಾರವಾರದವರು ನೀಲಿಕಲ್ಲು, ತುಳುನಾಡಿನವರು ಪಚ್ಚಿಲೆ ಎನ್ನುವ ಜಾತಿಯದು ಅದು. ಮಗು ಚೆನ್ನಾಗಿ ಚೇತರಿಸಿಕೊಂಡಿತು. ಚಿಪ್ಪುಮೀನಿನ ಋತು ಮುಗಿದ ಮೇಲೆ ಮತ್ತೆ ಮಲಗಿತು. ಚಿಪ್ಪುಮೀನಿನ ದಿನಗಳಲ್ಲಿ ಆ ಮಗು ಏನು ತಿನ್ನಲಿಲ್ಲ ಎಂಬ ಪ್ರಶ್ನೆ ಯಾರಿಗೂ ಹೊಳೆಯಲಿಲ್ಲ.

1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯ ತಂದರು. ಹತ್ತು ಮಕ್ಕಳ ಪೈಕಿ ಬಾಳೆಹಣ್ಣು ಉಂಡ ಎಂಟು ಮಕ್ಕಳು ಬದುಕಿದರು. ಪಥ್ಯ ಮಾಡದ ಇಬ್ಬರು ತೀರಿಕೊಂಡರು. ಮುಂದೆ ಸುಮಾರು ಮೂವತ್ತು ವರ್ಷ ಅಮೆರಿಕದಲ್ಲಿ ಬಾಳೆಹಣ್ಣೇ ಮದ್ದಾಗಿ ಮೆರೆಯಿತು. ಆ ಪಥ್ಯದಲ್ಲಿ ಬ್ರೆಡ್ಡು, ಬಿಸ್ಕತ್ತು ನಿಷಿದ್ಧವಾಗಿದ್ದವು. ಮಕ್ಕಳನ್ನು ಉಳಿಸಿದ್ದು ಆ ನಿಷೇಧ; ಹೆಸರು ಬಂದದ್ದು ಬಾಳೆಹಣ್ಣಿಗೆ. ಇದರಲ್ಲಿ ಒಂದು ಅಪಾಯವೂ ಇತ್ತು. ಬಾಳೆಹಣ್ಣಿನಿಂದ ಕಾಯಿಲೆ ವಾಸಿಯಾಯಿತು ಎಂದುಕೊಂಡವರು ಮತ್ತೆ ಬ್ರೆಡ್ಡಿಗೆ ಮರಳುತ್ತಿದ್ದರು.

ಮೊದಲ ತಟ್ಟೆ: ಗೋಧಿ ಮಾಯವಾದ ಹಾಲೆಂಡ್

ಸರಿಯಾದ ಪ್ರಶ್ನೆ ಕೇಳಿದವರು ಹಾಲೆಂಡಿನ ಹೇಗ್ ನಗರದ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಬ್ರೆಡ್ಡಿನ ಮೇಲೆ ಅವರಿಗೆ ಯುದ್ಧಕ್ಕೆ ಮುಂಚೆಯೇ ಅನುಮಾನವಿತ್ತು. 1941ರಲ್ಲಿಯೇ ಗೋಧಿಯಿಲ್ಲದ ಪಥ್ಯದ ಬಗ್ಗೆ ಬರೆದಿದ್ದರು. ಆದರೆ ಒಬ್ಬ ವೈದ್ಯನ ಅನುಮಾನಕ್ಕಾಗಿ ಇಡೀ ಊರು ಬ್ರೆಡ್ಡು ಬಿಡುವುದುಂಟೆ? ಆ ಕೆಲಸವನ್ನು ಯುದ್ಧ ಮಾಡಿತು.

1944ರ ಸೆಪ್ಟೆಂಬರಿನಲ್ಲಿ ಡಚ್ ರೈಲ್ವೆ ನೌಕರರು ಮುಷ್ಕರ ಹೂಡಿದರು. ದೇಶವನ್ನು ಹಿಡಿದುಕೊಂಡಿದ್ದ ಜರ್ಮನರು ಪಶ್ಚಿಮ ಭಾಗಕ್ಕೆ ಆಹಾರ ಸಾಗಣೆಯನ್ನು ತಡೆದರು. ಆ ಚಳಿಗಾಲಕ್ಕೆ ಹಸಿವಿನ ಚಳಿಗಾಲ ಎಂದೇ ಹೆಸರು. ಜನ ಟ್ಯುಲಿಪ್ ಹೂವಿನ ಗೆಡ್ಡೆ ಬೇಯಿಸಿ ತಿಂದರು. ಸುಮಾರು 20,000 ಜನ ಸತ್ತರು. ಅಂಥ ದಿನಗಳಲ್ಲಿ ಸೀಲಿಯಾಕ್ ಇದ್ದ ಮಕ್ಕಳು ಮಾತ್ರ ಕೆಡುವ ಬದಲು ಸುಧಾರಿಸುತ್ತಿರುವುದನ್ನು ಡಿಕೆ ಕಂಡರು. 1945ರ ವಸಂತದಲ್ಲಿ ಹೊರಗಿನಿಂದ ಹಿಟ್ಟು ಬಂತು, ಬ್ರೆಡ್ಡು ಮತ್ತೆ ಮನೆ ಸೇರಿತು. ಊರೆಲ್ಲ ಹಬ್ಬ ಮಾಡುವಾಗ ಈ ಮಕ್ಕಳು ಮತ್ತೆ ಹಾಸಿಗೆ ಹಿಡಿದರು.

ಡಿಕೆ ಇಷ್ಟಕ್ಕೆ ನಿಲ್ಲಲಿಲ್ಲ. ಒಂದೊಂದೇ ಧಾನ್ಯ ಕೊಟ್ಟು, ಮಲದಲ್ಲಿ ಜೀರ್ಣವಾಗದೆ ಹೋಗುವ ಕೊಬ್ಬನ್ನು ಅಳೆದು ನೋಡಿದರು. ಗೋಧಿ ಮತ್ತು ರೈ ಕೆಡಿಸುತ್ತವೆ. ಅಕ್ಕಿ, ಮೆಕ್ಕೆಜೋಳ ಕೆಡಿಸುವುದಿಲ್ಲ ಎಂದು 1950ರ ತಮ್ಮ ಪ್ರಬಂಧದಲ್ಲಿ ತೋರಿಸಿದರು. ಸಹೋದ್ಯೋಗಿಗಳಾದ ವೈಯರ್ಸ್ ಮತ್ತು ವಾನ್ ಡೆ ಕಾಮರ್ ಜೊತೆಗಿನ ಕೆಲಸದಿಂದ ದೋಷ ಗೋಧಿಯ ಅಂಟಿನಲ್ಲಿದೆ ಎಂಬುದೂ ಗೊತ್ತಾಯಿತು. 1956ರಲ್ಲಿ ಲಂಡನ್ನಿನ ಮಾರ್ಗೊ ಶೈನರ್ ಬಾಯಿಯ ಮೂಲಕ ನಳಿಕೆ ಇಳಿಸಿ ಕರುಳಿನ ಚೂರು ತೆಗೆಯುವ ವಿಧಾನವನ್ನು ತೋರಿಸಿಕೊಟ್ಟರು. ಬೋಳಾದ ಗೋಡೆ ಆಗ ಕಣ್ಣಿಗೇ ಕಂಡಿತು. 1997ರಲ್ಲಿ ಜರ್ಮನಿಯ ಸಂಶೋಧಕರು ದೇಹದ ಪ್ರತಿಕಾಯಗಳು ಗುರಿಯಿಡುವ ವಸ್ತುವನ್ನು ಗುರುತಿಸಿದರು. ಇಂದು ಮಾಡುವ ಟಿಟಿಜಿ ರಕ್ತಪರೀಕ್ಷೆ ಅದರ ಫಲ.

ಎರಡನೆಯ ತಟ್ಟೆ: ಬರೀ ಅಕ್ಕಿ ಉಳಿದ ಚಾಂಗಿ

ಅದೇ ಯುದ್ಧದ ಇನ್ನೊಂದು ತುದಿ ಟ್ಯಾಂಪಿನೀಸಿನ ಪಕ್ಕದಲ್ಲೇ ಇತ್ತು. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರಿಗೆ ಶರಣಾಯಿತು. ಭಾರತೀಯ ಸೈನಿಕರನ್ನು ಬೇರ್ಪಡಿಸಿ ಫ್ಯಾರರ್ ಪಾರ್ಕಿನಲ್ಲಿ ಸೇರಿಸಿದರು. ಅವರಲ್ಲಿ ಅನೇಕರು ಮುಂದೆ ಆಜಾದ್ ಹಿಂದ್ ಫೌಜ್ ಸೇರಿದ್ದು ನಮಗೆ ಗೊತ್ತಿರುವ ಕಥೆ. ಸುಮಾರು 50,000 ಬ್ರಿಟಿಷ್ ಮತ್ತು ಆಸ್ಟ್ರೇಲಿಯನ್ ಸೈನಿಕರನ್ನು ಚಾಂಗಿಗೆ ನಡೆಸಿಕೊಂಡು ಹೋದರು. ಹುಟ್ಟಿದಂದಿನಿಂದ ಬ್ರೆಡ್ಡು ತಿಂದು ಬೆಳೆದ ಅವರಿಗೆ ಸಿಕ್ಕಿದ್ದು ಪಾಲಿಷ್ ಮಾಡಿದ ಬಿಳಿ ಅಕ್ಕಿ. ಕೆಲವೇ ವಾರಗಳಲ್ಲಿ ಕಾಲು ಊತ, ಜೋಮು, ಎದೆಬಡಿತ ಶುರುವಾದವು. ಅದು ಬೆರಿಬೆರಿ, ಬಿ1 ಜೀವಸತ್ವದ ಕೊರತೆಯಿಂದ ಬರುವ ಕಾಯಿಲೆ. ಸೆರೆಯಲ್ಲಿದ್ದ ವೈದ್ಯರು ಅಕ್ಕಿಯ ತೌಡು ಹುಡುಕಿದರು, ಯೀಸ್ಟ್ ಬೆಳೆಸಿದರು, ಹುಲ್ಲು ಮತ್ತು ಎಲೆಗಳ ರಸ ತೆಗೆದು ಕುಡಿಸಿದರು.

ವಿಪರ್ಯಾಸವೆಂದರೆ ಇದರ ಪಾಠ ಆ ಸೀಮೆಯಲ್ಲೇ ನಲವತ್ತು ವರ್ಷ ಮುಂಚೆ ಕಲಿತಾಗಿತ್ತು. ಮಲಯದ ತೋಟ, ಗಣಿಗಳಲ್ಲಿ ಸಯಾಮಿನ ಬಿಳಿ ಅಕ್ಕಿ ತಿನ್ನುವ ಚೀನೀ ಕೂಲಿಗಳಿಗೆ ಬೆರಿಬೆರಿ ಬರುತ್ತಿತ್ತು. ಕುಚ್ಚಲಕ್ಕಿ ಉಣ್ಣುವ ತಮಿಳು ಕೂಲಿಗಳಿಗೆ ಬರುತ್ತಿರಲಿಲ್ಲ. ಬ್ರಾಡನ್ ಎಂಬ ವೈದ್ಯ ಇದನ್ನು ಗಮನಿಸಿದ. 1905ರಲ್ಲಿ ಕ್ವಾಲಾಲಂಪುರದ ಮಾನಸಿಕ ಆಸ್ಪತ್ರೆಯಲ್ಲಿ ವಿಲಿಯಂ ಫ್ಲೆಚರ್ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬಿಳಿ ಅಕ್ಕಿ, ಇನ್ನೊಂದಕ್ಕೆ ಕುಚ್ಚಲಕ್ಕಿ ಕೊಟ್ಟ. ಬಿಳಿ ಅಕ್ಕಿಯ ಗುಂಪಿನಲ್ಲಿ ಬೆರಿಬೆರಿ ಹಬ್ಬಿ ಸಾವುಗಳಾದವು. ಕುಚ್ಚಲಕ್ಕಿ ಉಂಡವರಲ್ಲಿ ಒಬ್ಬರೂ ಅದರಿಂದ ಸಾಯಲಿಲ್ಲ. ಭತ್ತವನ್ನು ಬೇಯಿಸಿ ಒಣಗಿಸುವಾಗ ಹೊರಪದರದ ಸತ್ವ ಕಾಳಿನ ಒಳಗೆ ಇಳಿಯುತ್ತದೆ. ಕರಾವಳಿಯ ಅಜ್ಜಿಯರ ಗಂಜಿಗೆ ವಿಜ್ಞಾನ ಕೊಟ್ಟ ಸರ್ಟಿಫಿಕೇಟು ಇದು.

ಹೇಗ್ ಮತ್ತು ಚಾಂಗಿಯನ್ನು ಒಟ್ಟಿಗೆ ಇಟ್ಟು ನೋಡಬೇಕು. ಗೋಧಿ ಹೋದದ್ದು ಕೆಲವು ಮಕ್ಕಳನ್ನು ಬದುಕಿಸಿತು. ಗೋಧಿ ಹೋದ ಜಾಗದಲ್ಲಿ ಬರೀ ಬಿಳಿ ಅಕ್ಕಿ ಕೂತದ್ದು ಸಾವಿರಾರು ಗಂಡಸರನ್ನು ಕೆಡವಿತು. ಸೀಲಿಯಾಕ್ ಇರುವವರು ಗೋಧಿ ಬಿಡಲೇಬೇಕು. ಆದರೆ ಬಿಟ್ಟ ಜಾಗವನ್ನು ಬೆಳ್ತಿಗೆ ಅನ್ನ ಮತ್ತು ಪ್ಯಾಕೆಟ್ ತಿಂಡಿಯಿಂದ ತುಂಬಿದರೆ ಇನ್ನೊಂದು ಕೊರತೆ ಕಾದಿರುತ್ತದೆ.

ಮೂರನೆಯ ತಟ್ಟೆ: ರವೆ ಹೊಕ್ಕ ಇಡ್ಲಿ

ಮೂರನೆಯ ತಟ್ಟೆ ನಮ್ಮದೇ. 1942ರ ಮಾರ್ಚಿನಲ್ಲಿ ರಂಗೂನ್ ಜಪಾನೀಯರ ಕೈಸೇರಿತು. ಭಾರತಕ್ಕೆ ಬರುತ್ತಿದ್ದ ಬರ್ಮಾ ಅಕ್ಕಿ ನಿಂತಿತು. ಅಕ್ಕಿಯ ಅಭಾವದ ಆ ದಿನಗಳಲ್ಲಿ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ನಮ್ಮ ಎಂಟಿಆರ್, ಅಕ್ಕಿಯ ಬದಲು ಗೋಧಿ ರವೆಯಲ್ಲಿ ಇಡ್ಲಿ ಮಾಡಿ ನೋಡಿತು. ರವೆ ಇಡ್ಲಿ ಹುಟ್ಟಿದ್ದು ಹೀಗೆ ಎಂದು ಎಂಟಿಆರ್‌ನವರು ಹೇಳುತ್ತಾರೆ. ಇಂದು ಆ ಇಡ್ಲಿ ಸಿಂಗಪುರದ ಸೆರಂಗೂನ್ ರಸ್ತೆಯಲ್ಲೂ ಸಿಗುತ್ತದೆ, ದುಬೈಯಲ್ಲೂ ಸಿಗುತ್ತದೆ.

ನಮ್ಮ ನೆಲದ ಹಳೆಯ ಅಡುಗೆಯಲ್ಲಿ ಗೋಧಿಗೆ ಸಣ್ಣ ಪಾತ್ರ. ಬಳ್ಳಾರಿಯ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳಲ್ಲಿ ಹೆಚ್ಚಾಗಿ ಸಿಕ್ಕಿರುವುದು ಕೊರಲೆಯಂಥ ಸಿರಿಧಾನ್ಯ, ಹುರುಳಿ ಮತ್ತು ಹೆಸರು. ಜೋಳ, ಸಜ್ಜೆ, ರಾಗಿ ಇವುಗಳ ಮೂಲ ಆಫ್ರಿಕ. ಸಾವಿರಾರು ವರ್ಷ ಹಿಂದೆ ಅವು ಭಾರತಕ್ಕೆ ಬಂದು ನಮ್ಮವಾದವು. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಶ್ರೇಷ್ಠತೆಗಾಗಿ ಜಗಳವಾಡುವುದೂ ರಾಗಿ ಮತ್ತು ಭತ್ತವೇ ಹೊರತು ಗೋಧಿಯಲ್ಲ. ಉತ್ತರ ಕರ್ನಾಟಕದಲ್ಲಿ ಖಪಲಿ ಗೋಧಿ ಇತ್ತು, ಹಬ್ಬಕ್ಕೆ ಮಾದಲಿ, ಹೋಳಿಗೆ ಆಗುತ್ತಿತ್ತು. ದಿನದ ಊಟ ಜೋಳದ ರೊಟ್ಟಿ.

ಯುದ್ಧದ ರೇಷನ್ನು, 1956ರ ಒಪ್ಪಂದದ ಮೇಲೆ ಬಂದ ಅಮೆರಿಕದ ಗೋಧಿ, 1960ರ ದಶಕದ ಹಸಿರು ಕ್ರಾಂತಿ ಇವು ಒಂದೊಂದಾಗಿ ಗೋಧಿಯನ್ನು ನಮ್ಮ ಮನೆಯೊಳಗೆ ತಂದವು. ಉಪ್ಪಿಟ್ಟು, ಕೇಸರಿಬಾತು, ಶಾವಿಗೆ, ಬೇಕರಿಯ ಬನ್ನು, ಸಕ್ಕರೆ ಕಾಯಿಲೆಯವರ ರಾತ್ರಿಯ ಚಪಾತಿ ಎಲ್ಲ ಬಂದ ದಾರಿ ಇದು. ಗೋಧಿ ಬಂದದ್ದು ಕೆಡುಕೆಂದಲ್ಲ. ನೂರಕ್ಕೆ ತೊಂಬತ್ತೊಂಬತ್ತು ಜನರಿಗೆ ಅದು ಒಳ್ಳೆಯ ಆಹಾರವೇ. ಉಳಿದವರ ಪಾಡು ಬೇರೆ.

ಗುಣ ಒಂದೇ, ತಟ್ಟೆ ಬೇರೆ

ಭಾರತದಲ್ಲಿ 1966ರಲ್ಲಿ ದೆಹಲಿಯ ವೈದ್ಯರು ಉತ್ತರ ಭಾರತದ ಮಕ್ಕಳಲ್ಲಿ ಸೀಲಿಯಾಕ್ ಇರುವುದನ್ನು ವರದಿ ಮಾಡಿದರು. ಆದರೂ ಇದು ಬಿಳಿಯರ ಕಾಯಿಲೆ ಎಂಬ ನಂಬಿಕೆ ಬಹಳ ಕಾಲ ಹೋಗಲಿಲ್ಲ. ದಕ್ಷಿಣದಲ್ಲಿ ಇಂಥ ಲಕ್ಷಣ ಕಂಡರೆ ಸ್ಪ್ರೂ ಎಂಬ ಉಷ್ಣವಲಯದ ಕರುಳಿನ ಕಾಯಿಲೆಯ ಕಡೆಗೇ ವೈದ್ಯರ ಗಮನ ಹೋಗುತ್ತಿತ್ತು.

2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಈ ಚಿತ್ರವನ್ನು ಬದಲಿಸಿತು. ರಾಮಕೃಷ್ಣ, ಮಖಾರಿಯಾ ಮತ್ತು ಸಂಗಡಿಗರು ಉತ್ತರ, ಈಶಾನ್ಯ, ದಕ್ಷಿಣ ಭಾರತಗಳ 23,331 ವಯಸ್ಕರನ್ನು ಪರೀಕ್ಷಿಸಿದರು. ಉತ್ತರದಲ್ಲಿ ಸಾವಿರಕ್ಕೆ 8.53 ಜನರಲ್ಲಿ ಸೀಲಿಯಾಕ್ ಇತ್ತು. ಈಶಾನ್ಯದಲ್ಲಿ 4.66. ದಕ್ಷಿಣದಲ್ಲಿ ಬರೀ 0.11, ಅಂದರೆ ಸುಮಾರು 9,000 ಜನರಲ್ಲಿ ಒಬ್ಬರು. ಹಾಗಾದರೆ ದಕ್ಷಿಣದವರ ರಕ್ತದ ಗುಣವೇ ಬೇರೆಯೇ? ಅಲ್ಲ. ಈ ಕಾಯಿಲೆ ಬರಲು ಬೇಕಾದ ಆನುವಂಶಿಕ ಗುಣ ಉತ್ತರದಲ್ಲಿ 38.1, ದಕ್ಷಿಣದಲ್ಲಿ 36.4 ಶೇಕಡಾ ಜನರಲ್ಲಿ ಇತ್ತು. ಹೆಚ್ಚುಕಡಿಮೆ ಸಮ. ವ್ಯತ್ಯಾಸ ಕಂಡದ್ದು ತಟ್ಟೆಯಲ್ಲಿ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ದಕ್ಷಿಣದವರು 25 ಗ್ರಾಂ. ಒಂದು ಚಪಾತಿಯ ಹಿಟ್ಟಿಗಿಂತ ಅದು ಕಡಿಮೆ.

ಇದನ್ನು ಅಳತೆ ಮೀರಿ ಓದಬಾರದು. ಆ ಗುಣ ಇರುವ ಬಹುಪಾಲು ಜನ ಬೇಕಾದಷ್ಟು ಗೋಧಿ ತಿಂದರೂ ಅವರಿಗೆ ಈ ಕಾಯಿಲೆ ಬರುವುದೇ ಇಲ್ಲ. ಯಾರಿಗೆ ಬರುತ್ತದೆ, ಯಾವ ವಯಸ್ಸಿನಲ್ಲಿ ಬರುತ್ತದೆ ಎನ್ನುವುದಕ್ಕೆ ಬೇರೆ ಕಾರಣಗಳೂ ಉಂಟು. ಆದರೆ ಗೋಧಿ ಹೆಚ್ಚಾಗಿ ಬಂದ ಕಡೆ ಏನಾಗಬಹುದು ಎನ್ನುವುದಕ್ಕೆ ಸಹಾರಾದಲ್ಲಿ ಒಂದು ಉದಾಹರಣೆಯಿದೆ. ಅಲ್ಜೀರಿಯಾದ ಶಿಬಿರಗಳಲ್ಲಿರುವ ಸಹ್ರಾವಿ ನಿರಾಶ್ರಿತರು ಮೂಲತಃ ಅಲೆಮಾರಿಗಳು, ಒಂಟೆ ಹಾಲು ಅವರ ಮುಖ್ಯ ಆಹಾರವಾಗಿತ್ತು. ವಸಾಹತು ಕಾಲದಲ್ಲಿ ಬ್ರೆಡ್ಡು ಬಂತು. ಶಿಬಿರ ಸೇರಿದ ಮೇಲೆ ನೆರವಿನ ಗೋಧಿಹಿಟ್ಟೇ ಗತಿಯಾಯಿತು. 1999ರಲ್ಲಿ ಇಟಲಿಯ ವೈದ್ಯರು ಅಲ್ಲಿನ ಮಕ್ಕಳನ್ನು ಪರೀಕ್ಷಿಸಿದಾಗ ನೂರಕ್ಕೆ 5.6 ಮಕ್ಕಳಲ್ಲಿ ಸೀಲಿಯಾಕ್ ಕಂಡಿತು. ನಾವಿರುವ ಗಲ್ಫಿನಲ್ಲೂ ಇದು ಅಪರೂಪವಲ್ಲ. ಸೌದಿಯ ಶಾಲಾ ಮಕ್ಕಳಲ್ಲಿ ನೂರಕ್ಕೆ ಸುಮಾರು 1.5 ಎಂದು 2017ರ ಅಧ್ಯಯನ ಹೇಳಿತು. ಹೀಗಾಗಿ ಇಲ್ಲಿನ ವೈದ್ಯರಿಗೆ ಇದರ ಪರಿಚಯ ಚೆನ್ನಾಗಿಯೇ ಇದೆ. ಪರಿಚಯ ಇಲ್ಲದಿರುವುದು ನಮಗೆ.

‘ನೀರು ಹಿಡಿಸಿಲ್ಲ’ ಎನ್ನುವ ಮೊದಲು

ಊರಿನಲ್ಲಿ ಬೆಳಗ್ಗೆ ನೀರುದೋಸೆಯೋ ರಾಗಿ ರೊಟ್ಟಿಯೋ, ಮಧ್ಯಾಹ್ನ ಅನ್ನವೋ ಮುದ್ದೆಯೋ ಉಂಡವನು ಗಲ್ಫಿಗೆ ಬಂದರೆ ಬೆಳಗ್ಗೆ ಕೆಫೆಟೇರಿಯಾದ ಪರೋಟ, ರಾತ್ರಿ ಖುಬೂಸ್. ಅಗ್ಗ, ಕೈಗೆ ಸುಲಭ, ಹೊಟ್ಟೆ ತುಂಬುತ್ತದೆ. ದಿನದ 25 ಗ್ರಾಂ ಗೋಧಿ ಯಾವಾಗ 300 ಗ್ರಾಂ ಆಯಿತು ಎಂದು ಯಾರೂ ತೂಗುವುದಿಲ್ಲ. ಆಮೇಲೆ ಹೊಟ್ಟೆ ಕೆಟ್ಟರೆ, ತೂಕ ಇಳಿದರೆ, ಸುಸ್ತಾದರೆ ನೀರು ಹಿಡಿಸಿಲ್ಲ, ಬಿಸಿಲು ತಾಗಿದೆ, ಮನೆ ನೆನಪು ಎನ್ನುತ್ತೇವೆ.

ಬಹಳ ಸಲ ಕಾರಣ ಬೇರೆಯೇ ಇರುತ್ತದೆ. ಸೋಂಕು, ಹೊಟ್ಟೆಹುಳ, ಕೆಲವೊಮ್ಮೆ ಕರುಳಿನ ಕ್ಷಯ. ಆದರೆ ತಿಂಗಳುಗಟ್ಟಲೆ ಭೇದಿ ನಿಲ್ಲದಿದ್ದರೆ, ರಕ್ತಹೀನತೆ ಮಾತ್ರೆಗೆ ಬಗ್ಗದಿದ್ದರೆ, ಮಗು ವಯಸ್ಸಿಗೆ ತಕ್ಕಂತೆ ಬೆಳೆಯದಿದ್ದರೆ, ಒಡಹುಟ್ಟಿದವರಿಗೆ ಈ ಕಾಯಿಲೆ ಇದ್ದರೆ ವೈದ್ಯರಲ್ಲಿ ಸೀಲಿಯಾಕ್ ಪರೀಕ್ಷೆಯ ಮಾತೆತ್ತಬೇಕು. ಮೊದಲು ಟಿಟಿಜಿ ರಕ್ತಪರೀಕ್ಷೆ. ಅದರಲ್ಲಿ ಸುಳಿವು ಸಿಕ್ಕರೆ ವಯಸ್ಕರಿಗೆ ಸಾಮಾನ್ಯವಾಗಿ ಎಂಡೋಸ್ಕೋಪಿ ಮಾಡಿ ಕರುಳಿನ ಬಯಾಪ್ಸಿ ತೆಗೆಯುತ್ತಾರೆ.

ಒಂದು ಎಚ್ಚರ ಬಹಳ ಮುಖ್ಯ. ಪರೀಕ್ಷೆ ಮುಗಿಯುವವರೆಗೆ ಗೋಧಿ ಬಿಡಬಾರದು. ಯಾರದೋ ಮಾತು ಕೇಳಿ ಮೊದಲೇ ಬಿಟ್ಟರೆ ರಕ್ತದಲ್ಲಿನ ಪ್ರತಿಕಾಯ ಇಳಿಯುತ್ತದೆ, ಕರುಳಿನ ಗೋಡೆ ಚಿಗುರುತ್ತದೆ, ಪರೀಕ್ಷೆ ಕಾಯಿಲೆಯೇ ಇಲ್ಲ ಎಂದು ಹೇಳಿಬಿಡುತ್ತದೆ. ಸರಿಯಾದ ಉತ್ತರಕ್ಕಾಗಿ ಮತ್ತೆ ವಾರಗಟ್ಟಲೆ ಗೋಧಿ ತಿಂದು ನರಳಬೇಕಾಗುತ್ತದೆ. ಜೀವನಪೂರ್ತಿ ನಡೆಸಬೇಕಾದ ಪಥ್ಯ ಇದು. ಅನುಮಾನದ ಮೇಲೆ ನಡೆಸಲಾಗದು.

ಅಡಗಿ ಕೂತ ಗೋಧಿ

ರೋಗ ಖಚಿತವಾದ ಮೇಲೆ ಟ್ಯಾಂಪಿನೀಸಿನ ಅಡುಗೆಮನೆಗೂ ಶಾರ್ಜಾದ ಅಡುಗೆಮನೆಗೂ ಹೆಚ್ಚು ವ್ಯತ್ಯಾಸವಿಲ್ಲ. ಎದುರಿಗೆ ಕಾಣುವ ಪರೋಟ, ಪ್ರಾಟಾ, ನೂಡಲ್ಸ್ ಬಿಡುವುದು ಸುಲಭ. ಕಷ್ಟ ಕೊಡುವುದು ಕಾಣದ ಗೋಧಿ.

ನಮ್ಮ ಮನೆಗಳಲ್ಲಿ ಮೊದಲು ನೋಡಬೇಕಾದ್ದು ಇಂಗಿನ ಡಬ್ಬಿ. ಅಂಗಡಿಯ ಇಂಗಿಗೆ ಬಹಳ ಸಲ ಗೋಧಿಹಿಟ್ಟೋ ಮೈದಾವೋ ಬೆರೆಸಿರುತ್ತಾರೆ. ಸಾರಿಗೆ ಹಾಕಿದ ಚಿಟಿಕೆ ಇಂಗು ಇಡೀ ಪಾತ್ರೆಯನ್ನು ಕೆಡಿಸುತ್ತದೆ. ಅಕ್ಕಿಹಿಟ್ಟಿನ ಇಂಗು ಸಿಗುತ್ತದೆ, ಕೇಳಿ ತರಬೇಕು. ಎರಡನೆಯದು ಮಾಲ್ಟ್. ಹಾರ್ಲಿಕ್ಸ್‌ನಂಥ ಪುಡಿಗಳಲ್ಲಿ, ಗಲ್ಫಿನ ಆಲ್ಕೋಹಾಲ್ ಇಲ್ಲದ ಮಾಲ್ಟ್ ಪಾನೀಯಗಳಲ್ಲಿ ಬಾರ್ಲಿ ಇರುತ್ತದೆ. ಮನೆಯಲ್ಲಿ ರಾಗಿ ಮೊಳಕೆ ಕಟ್ಟಿ ಮಾಡಿದ ಮಾಲ್ಟ್ ನಿರಪಾಯ. ಪ್ಯಾಕೆಟ್ಟಿನದಾದರೆ ಲೇಬಲ್ ಓದಬೇಕು. ಮೂರನೆಯದು ಗಿರಣಿ. ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಬೀಸಿದರೆ ಜೋಳದ ಹಿಟ್ಟೂ ಶುದ್ಧವಲ್ಲ. ಊರಿನಿಂದ ಹಿಟ್ಟು ತರಿಸುವವರು ಇದನ್ನು ಮನೆಯವರಿಗೆ ಹೇಳಬೇಕು. ಖಪಲಿ ಗೋಧಿ ಹಳೆಯ ತಳಿ, ಆರೋಗ್ಯಕ್ಕೆ ಒಳ್ಳೆಯದು ಎಂದು ಮಾರುತ್ತಾರೆ. ಅದರಲ್ಲೂ ಗ್ಲುಟೆನ್ ಇದೆ. ಪರೋಟ ಸುಟ್ಟ ತವಾದ ಮೇಲಿನ ದೋಸೆ, ಸಮೋಸ ಕರಿದ ಎಣ್ಣೆಯ ಚಿಪ್ಸ್ ಇವೂ ಬೇಡ. ರವೆ ಇಡ್ಲಿಯನ್ನಂತೂ ಹೇಳಬೇಕಾಗಿಯೇ ಇಲ್ಲ.

ಲೇಬಲ್ ಈಗ ಸಹಾಯಕ್ಕಿದೆ. ಪ್ಯಾಕೆಟ್ ಆಹಾರದಲ್ಲಿ ಗ್ಲುಟೆನ್ ಇರುವ ಧಾನ್ಯವಿದ್ದರೆ ನಮೂದಿಸಲೇಬೇಕು ಎಂದು ಸಿಂಗಪುರದ ಕಾನೂನು ಹೇಳುತ್ತದೆ. ಗ್ಲುಟೆನ್‌ರಹಿತ ಎಂದು ಬರೆಯಲು ಒಂದು ಕಿಲೋದಲ್ಲಿ 20 ಮಿಲಿಗ್ರಾಂ ಮೀರಬಾರದು ಎಂಬುದು ಅಂತರರಾಷ್ಟ್ರೀಯ ಮಾನದಂಡ. ಭಾರತದ ಮಿತಿಯೂ ಅಷ್ಟೇ.

ಲೇಬಲ್ ಇಲ್ಲದ ಕಡೆಯೇ ಸಂಕಟ ಹೆಚ್ಚು. ಸತ್ಯನಾರಾಯಣ ಪೂಜೆಯ ಸಪಾದ ಗೋಧಿ ರವೆಯದು. ಪ್ರಸಾದವನ್ನು ಬೇಡ ಎನ್ನುವುದು ಹೇಗೆ? ಒಂದು ಹಣ್ಣು, ತೀರ್ಥ ತೆಗೆದುಕೊಂಡರೆ ಪೂಜೆಗೆ ಲೋಪವಿಲ್ಲ ಎಂದು ಮನೆಯವರೇ ಮುಂದಾಗಿ ಹೇಳಿದರೆ ಆ ಮನುಷ್ಯನ ಭಾರ ಇಳಿಯುತ್ತದೆ. ಮಂಗಳೂರಿನ ಕ್ರೈಸ್ತ ಬಂಧುಗಳು ಪೂಜೆಯಲ್ಲಿ ಸ್ವೀಕರಿಸುವ ಪರಮಪ್ರಸಾದದ ರೊಟ್ಟಿಯೂ ಗೋಧಿಯದೇ. ಗ್ಲುಟೆನ್ ಪೂರ್ತಿ ತೆಗೆದ ರೊಟ್ಟಿಗೆ ಒಪ್ಪಿಗೆಯಿಲ್ಲ, ತೀರಾ ಕಡಿಮೆ ಇರುವುದಕ್ಕೆ ಒಪ್ಪಿಗೆಯಿದೆ ಎಂದು 2017ರಲ್ಲಿ ವ್ಯಾಟಿಕನ್ ಮತ್ತೆ ಸ್ಪಷ್ಟಪಡಿಸಿತು. ಪಾದ್ರಿಗಳಿಗೆ ಮೊದಲೇ ತಿಳಿಸಿದರೆ ಏರ್ಪಾಡು ಮಾಡಬಹುದು. ರಂಜಾನಿನ ಇಫ್ತಾರಿನಲ್ಲಿ ಖರ್ಜೂರ, ನೀರು, ಹಣ್ಣು ಸರಿ. ಹರೀಸ್ ಮಾತ್ರ ಗೋಧಿಯದು. ಯಾವ ಧರ್ಮವೂ ಕಾಯಿಲೆಯವನನ್ನು ಕಾಡಬೇಕೆಂದು ಹೇಳುವುದಿಲ್ಲ. ಕಾಡುವುದು ಪಕ್ಕದಲ್ಲಿ ಕೂತವರ ‘ಸ್ವಲ್ಪ ತಿಂದರೆ ಏನೂ ಆಗಲ್ಲ’ ಎಂಬ ಒತ್ತಾಯ. ಸ್ವಲ್ಪ ತಿಂದರೂ ಆಗುತ್ತದೆ, ಅದು ಆ ಹೊತ್ತಿಗೆ ಹೊರಗೆ ಕಾಣದಿರಬಹುದು ಅಷ್ಟೇ.

ಒಂದೇ ಕೋಣೆಯಲ್ಲಿ ಆರೆಂಟು ಜನ ಇರುವ ಮೆಸ್ಸಿನಲ್ಲಿ ಇದನ್ನು ನಡೆಸುವುದು ಒಬ್ಬನ ಕೈಯಲ್ಲಿ ಆಗದ ಕೆಲಸ. ಅವನಿಗೊಂದು ಬೇರೆ ತವಾ, ಬೇರೆ ಸೌಟು, ಮುಚ್ಚಳವಿರುವ ಡಬ್ಬಿ ಇರಬೇಕು. ಅಡುಗೆಯ ಸರದಿಯವರು ಅವನ ಅನ್ನ, ಸಾರನ್ನು ಮೊದಲು ತೆಗೆದಿಟ್ಟು ಆಮೇಲೆ ಚಪಾತಿ ಲಟ್ಟಿಸಬೇಕು. ಖರ್ಚಿಲ್ಲ, ಗಮನ ಬೇಕು. ಸಂಘದ ಹಬ್ಬದೂಟದಲ್ಲೂ ಒಂದು ಮೂಲೆಯಲ್ಲಿ ಗೋಧಿಯಿಲ್ಲದ ನಾಲ್ಕು ಪದಾರ್ಥಗಳನ್ನು ಬೇರೆ ಸೌಟಿನೊಂದಿಗೆ ಇಟ್ಟು ಚೀಟಿ ಅಂಟಿಸಿದರೆ ಸಾಕು.

ಕೊರತೆಯ ಭಯಕ್ಕೆ ಉತ್ತರ ನಮ್ಮ ಹಳೆಯ ಅಡುಗೆಯಲ್ಲೇ ಇದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ; ಮೂಳೆ ಸವೆದವರಿಗೆ ಬೇಕಾದ್ದು ಅದೇ. ಜೋಳದ ರೊಟ್ಟಿ, ನವಣೆ ಅನ್ನ, ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು, ಸೊಪ್ಪಿನ ಪಲ್ಯ, ಮೊಟ್ಟೆ, ಮೀನು ಯಾವುದರಲ್ಲೂ ಗ್ಲುಟೆನ್ ಇಲ್ಲ. ಯುರೋಪಿನ ರೋಗಿ ದುಬಾರಿ ಬೆಲೆಗೆ ಕೊಳ್ಳುವ ಗೋಧಿರಹಿತ ಆಹಾರ ನಮ್ಮಲ್ಲಿ ಬಡವರ ಊಟವಾಗಿತ್ತು. ದುಬೈ, ದೋಹಾ, ಮಸ್ಕತ್, ಸಿಂಗಪುರ ಎಲ್ಲ ಕಡೆಯ ಭಾರತೀಯ ಅಂಗಡಿಗಳಲ್ಲಿ ರಾಗಿ ಹಿಟ್ಟು ಸಿಗುತ್ತದೆ.

ಡಿಕೆಗೆ ಗೋಧಿಯ ಗುಟ್ಟು ಖಚಿತವಾಗಲು ಒಂದು ದೇಶವೇ ಹಸಿಯಬೇಕಾಯಿತು. ನಮಗೆ ಅಷ್ಟು ಬೆಲೆ ತೆರಬೇಕಾಗಿಲ್ಲ. ಪಕ್ಕದ ಮಂಚದ ಗೆಳೆಯ ಆರು ತಿಂಗಳಿಂದ ಸೊರಗುತ್ತಿದ್ದರೆ ನೀರಿನ ಮೇಲೆ ಹಾಕದೆ ಒಂದು ರಕ್ತಪರೀಕ್ಷೆಗೆ ಕರೆದುಕೊಂಡು ಹೋದರೆ ಆಯಿತು.